ಮ್ಯಾಲಕಿ ಕೊಡೋದಿಲ್ಲ ಎಂದ ಶನಿವಾರ

ಮ್ಯಾಲಕಿ ಟ್ಯಾನ್ಸಿಯ ಬಾಯಲ್ಲಿ ‘ಇಲ್ಲ’ ಎನ್ನುವ ಮಾತೇ ಹುಟ್ಟುವುದಿಲ್ಲ ಎಂದು ರಾಸ್‌ಕಾಮನ್ ಜಿಲ್ಲೆಯ ಈ ಜೌಗು ನೆಲದಲ್ಲಿ ದನ ಸಾಕುವ ನಾವೆಲ್ಲ ನಂಬಿದ್ದೆವು. ಟ್ರೇಲರ್ ಕೇಳಿದರೆ ಕೊಡುತ್ತಿದ್ದ. ಚರ್ಚಿನ ಕಿಟಕಿಗೆ ಬಣ್ಣ ಬಳಿಯಲು ಕರೆದರೆ ಏಣಿ ಸಮೇತ ಬರುತ್ತಿದ್ದ. ಪಕ್ಕದ ಹೊಲದವಳಾದ ನಾನಂತೂ ಗಂಡ ಸತ್ತ ಮೇಲೆ ಅವನನ್ನು ನನ್ನ ಮನೆಯ ಆಳಿನಂತೆ ದುಡಿಸಿಕೊಂಡಿದ್ದೇನೆ, ಅದೂ ಒಂದು ಕಪ್ ಟೀಗೆ. ಅಂಥ ಮನುಷ್ಯ ಕಳೆದ ಅಕ್ಟೋಬರಿನ ಒಂದು ಶನಿವಾರ ದನದ ಸಂತೆಯಲ್ಲಿ ಎಲ್ಲರೆದುರು ‘ಇಲ್ಲ’ ಎಂದುಬಿಟ್ಟ.

ನಮ್ಮ ಸಂತೆಯಲ್ಲಿ ಮಾರುವವನು ಹರಾಜು ಕೂಗುವವನ ಪಕ್ಕ, ಎತ್ತರದ ಕಟ್ಟೆಯ ಮೇಲೆ ನಿಲ್ಲಬೇಕು. ಕೂಗು ನಿಂತ ಮೇಲೆ ಅವನನ್ನು ಕೇಳುತ್ತಾರೆ, ಈ ಬೆಲೆಗೆ ಕೊಡ್ತೀಯಾ ಎಂದು. ಕೇಳುವುದು ಬರೀ ಶಾಸ್ತ್ರಕ್ಕೆ. ತಂದ ದನವನ್ನು ಮತ್ತೆ ಗಾಡಿಗೆ ಹತ್ತಿಸಿಕೊಂಡು ಮನೆಗೆ ಹೋಗುವ ಹುಚ್ಚು ಯಾರಿಗಿರುತ್ತದೆ?

ಆವತ್ತು ಕೆಳಗೆ ಕಣದಲ್ಲಿ ಮ್ಯಾಲಕಿಯ ಹನ್ನೊಂದು ಹೋರಿಗರುಗಳು ಸುತ್ತುತ್ತಿದ್ದವು. ಕೆನೆ ಬಣ್ಣದ, ತುಂಬಿದ ತೊಡೆಯ, ಕಣ್ಣಿಗೆ ಹಬ್ಬದಂಥ ಕರುಗಳು. ಮಾಂಸದ ಕಾರ್ಖಾನೆಯವರಿಗೆ ದನ ಹಿಡಿದುಕೊಡುವ ಮೂವರು ದಲ್ಲಾಳಿಗಳು ಕಂಬಿಗೆ ಒರಗಿ ನಿಂತಿದ್ದರು. ಒಬ್ಬ ಬೆಲೆ ಹೇಳಿದರೆ ಉಳಿದಿಬ್ಬರು ಫೋನು ನೋಡುತ್ತಿದ್ದರು. ಕರುವೊಂದಕ್ಕೆ ಆರುನೂರ ನಲವತ್ತು ಯೂರೋಗೆ ಕೂಗು ನಿಂತಿತು. ಹಿಂದಿನ ವರ್ಷ ಇದಕ್ಕಿಂತ ಸಪ್ಪೆ ಕರುಗಳು ಒಂಬೈನೂರಕ್ಕೆ ಹೋಗಿದ್ದವು. ಹಿಂಡಿಯ ಬೆಲೆ ಏರಿದೆ, ಡೀಸೆಲ್ ಏರಿದೆ, ಅಂಗಡಿಯಲ್ಲಿ ನಾನು ಕೊಳ್ಳುವ ಮಾಂಸದ ಬೆಲೆ ಒಂದು ಬಿಡಿಗಾಸೂ ಇಳಿದಿಲ್ಲ. ಇಳಿಯುವುದು ನಮ್ಮ ಹಟ್ಟಿಯ ಬಾಗಿಲಲ್ಲಿ ಮಾತ್ರ. ನಡುವೆ ಯಾರ ಹೊಟ್ಟೆ ಬೆಳೆಯುತ್ತಿದೆಯೋ ದೇವರೇ ಬಲ್ಲ.

ಆದರೆ ಮ್ಯಾಲಕಿಗೆ ಮಾರದೆ ಗತಿಯಿರಲಿಲ್ಲ. ಬೇಸಿಗೆಯೆಲ್ಲ ಮಳೆ ಸುರಿದು ಹುಲ್ಲು ಕೊಯ್ಯಲಾಗಿರಲಿಲ್ಲ. ಚಳಿಗಾಲಕ್ಕೆಂದು ಹುಲ್ಲು ಹುದುಗಿಸಿ ಕೂಡಿಟ್ಟ ರಸಮೇವು ಗಬ್ಬದ ಹಸುಗಳಿಗೇ ಸಾಲುವಂತಿರಲಿಲ್ಲ. ಕರುಗಳನ್ನೂ ಇಟ್ಟುಕೊಂಡರೆ ಫೆಬ್ರವರಿಗೆ ಮೇವು ಖಾಲಿ. ಎಷ್ಟಾದರೂ ಬರಲಿ, ಕೊಟ್ಟುಬಿಟ್ಟು ಬಾ ಎಂದು ಅವನ ಹೆಂಡತಿ ಕಾನ್ಸೆಪ್ಟಾ ಹೇಳಿ ಕಳಿಸಿದ್ದಳು.

“ಕೊಡೋದಿಲ್ಲ” ಎಂದ ಮ್ಯಾಲಕಿ.

ಮೈಕು ಅದನ್ನು ಸಂತೆಗೆಲ್ಲ ಕೇಳಿಸಿತು. ಅವನ ನಂತರ ಕಟ್ಟೆ ಹತ್ತಿದ ಫಿಂಟನ್ ಲ್ಯಾವಿನ್, ಗುಡ್ಡದ ಆಚೆಯವನು, ತಾನೂ ಕೊಡೋದಿಲ್ಲ ಎಂದ. ಅವನಾದ ಮೇಲೆ ನಾನು. ಸಂಜೆಯ ಹೊತ್ತಿಗೆ ಒಂಬತ್ತು ಮನೆಯವರು ದನಗಳನ್ನು ಗಾಡಿಗೆ ಹತ್ತಿಸಿದ್ದೆವು. ದಲ್ಲಾಳಿಗಳ ಮುಖದಲ್ಲಿ ರಕ್ತವಿರಲಿಲ್ಲ. ಬರುವ ಶನಿವಾರವೂ ಹೀಗೇ ನಿಲ್ಲಬೇಕೆಂದು ಅಲ್ಲೇ ಮಾತಾಯಿತು. ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಗುರುವಾರ ಕಾನ್ಸೆಪ್ಟಾ ಫೋನು ಮಾಡಿ ಬೇಗ ಬಾ ಡಿಂಪ್ನಾ ಎಂದಳು. ಹೋಗಿ ನೋಡಿದರೆ ಆ ಮೂವರು ದಲ್ಲಾಳಿಗಳಲ್ಲೊಬ್ಬ, ಕಾರ್ಮಕ್, ಅಂಗಳದಲ್ಲಿ ನಿಂತಿದ್ದಾನೆ. ಮನೆ ಬಾಗಿಲ ವ್ಯಾಪಾರಕ್ಕೆ ನಮ್ಮಲ್ಲಿ ಮೂರನೆಯವರು ಬೇಕು. ಇಬ್ಬರ ಮಣಿಕಟ್ಟನ್ನೂ ಹಿಡಿದು, ಚೌಕಾಸಿ ಮಾಡಿಸಿ, ಕೊನೆಗೆ ಅಂಗೈಗೆ ಅಂಗೈ ತಟ್ಟಿಸಬೇಕು. ತಟ್ಟಿದ ಮೇಲೆ ಮಾತು ತಿರುಗುವಂತಿಲ್ಲ.

ನಾನು ಇಬ್ಬರ ಕೈಯನ್ನೂ ಹಿಡಿದೆ. ಚೌಕಾಸಿಯೇ ಬೇಕಾಗಲಿಲ್ಲ. ಕರುವಿಗೆ ಎಂಟುನೂರು ಎಂದ ಕಾರ್ಮಕ್. ಯಾರಿಗೂ ಹೇಳಕೂಡದು, ಶನಿವಾರ ಸಂತೆಯ ಕಡೆ ತಲೆ ಹಾಕಕೂಡದು ಎಂದೂ ಸೇರಿಸಿದ. ಅವನು ಕರು ಕೊಳ್ಳಲು ಬಂದಿರಲಿಲ್ಲ, ಮ್ಯಾಲಕಿಯ ಶನಿವಾರವನ್ನು ಕೊಳ್ಳಲು ಬಂದಿದ್ದ. ಮ್ಯಾಲಕಿ ಬರದಿದ್ದರೆ ಉಳಿದವರು ತಾವಾಗಿಯೇ ತಲೆ ಬಾಗಿಸುತ್ತಾರೆಂದು ಅವನಿಗೆ ಗೊತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಕಾನ್ಸೆಪ್ಟಾ ಹೇಳಿದಳು: “ಕೈ ಕೊಡು ಮ್ಯಾಲಕಿ. ಫೆಬ್ರವರಿಲಿ ಹಸುಗಳ ಮುಂದೆ ಏನು ಹಾಕ್ತೀಯ? ನಿನ್ನ ಮರ್ಯಾದೇನಾ?”

ಅವನ ನಾಡಿ ನನ್ನ ಬೆರಳಡಿ ಓಡುತ್ತಿತ್ತು. ನನ್ನ ಕರುಗಳೂ ಮನೆಯಲ್ಲೇ ನಿಂತಿದ್ದವು. ತಗೋ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಬೇಡ ಎನ್ನುವ ಹಕ್ಕೂ ನನಗಿರಲಿಲ್ಲ.

“ಡಿಂಪ್ನಾಳ ಕರುಗಳಿಗೆ ಎಷ್ಟು ಕೊಡ್ತೀಯ?” ಎಂದ ಮ್ಯಾಲಕಿ, ನನ್ನ ಕಡೆ ನೋಡದೆ.

“ಅದನ್ನ ಶನಿವಾರ ನೋಡೋಣ” ಎಂದ ಕಾರ್ಮಕ್.

ಮ್ಯಾಲಕಿ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡ. ಕಾನ್ಸೆಪ್ಟಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ತಪ್ಪೇನೂ ಇಲ್ಲ, ಬೆಳಗಿನ ಜಾವ ಎದ್ದು ಆ ಹಸುಗಳಿಗೆ ಮೇವು ಹಾಕುವವಳು ಅವಳೇ.

ಶನಿವಾರ ಸಂತೆಯಲ್ಲಿ ನಾವು ಒಬ್ಬರನ್ನೊಬ್ಬರು ಎಣಿಸಿಕೊಂಡೆವು. ಫಿಂಟನ್ ಇರಲಿಲ್ಲ. ಕರುವಿನ ಕಿವಿಯ ಟ್ಯಾಗು ಕಳೆದಿದೆಯೇನೋ, ಟೈರು ಹೋಯಿತೇನೋ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಅಷ್ಟರಲ್ಲಿ ಹಾಲಿನ ಲಾರಿಯವನು ಸುದ್ದಿ ತಂದ. ಕಾರ್ಮಕ್‌ನ ಗಾಡಿ ಹಿಂದಿನ ಸಂಜೆಯೇ ಫಿಂಟನ್‌ನ ಹಟ್ಟಿಯಿಂದ ಕರುಗಳನ್ನು ತುಂಬಿಕೊಂಡು ಹೋಗಿತ್ತು, ಕರುವಿಗೆ ಎಂಟುನೂರರಂತೆ. ಅದನ್ನು ಕೇಳಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಕಟ್ಟೆ ಹತ್ತಿದವನು ಕೊಡ್ತೀನಿ ಎಂದ, ಎರಡನೆಯವನೂ ಹಾಗೇ ಅಂದ. ದಲ್ಲಾಳಿಗಳು ಮತ್ತೆ ಫೋನು ನೋಡತೊಡಗಿದರು.

ಮ್ಯಾಲಕಿಯ ಕರುಗಳಿಗೆ ಕೂಗು ಆರುನೂರ ಹತ್ತಕ್ಕೆ ನಿಂತಿತು. ಹರಾಜಿನವನು ಕೇಳಿದ. ಮ್ಯಾಲಕಿ ಕಣದಲ್ಲಿ ಸುತ್ತುತ್ತಿದ್ದ ತನ್ನ ಕರುಗಳನ್ನು ಒಂದೊಂದಾಗಿ ನೋಡಿದ, ಹಿಂದಿನ ಬೆಂಚಿನವರು ಎದ್ದು ನಿಂತರು. ಇನ್ನೊಮ್ಮೆ ‘ಇಲ್ಲ’ ಎನ್ನು ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಕೊಡ್ತೀನಿ ಎಂದ. ಆಮೇಲೆ ನಾನೂ ಕೊಟ್ಟೆ.

ಹೊರಗೆ ಮ್ಯಾಲಕಿ ಖಾಲಿ ಟ್ರೇಲರಿನ ಬಾಗಿಲಿಗೆ ಅಗುಳಿ ಹಾಕುತ್ತಿದ್ದ. ನಾನು ಹೋಗಿ ಅವನೆದುರು ಫಿಂಟನ್‌ನನ್ನು ಬಾಯಿಗೆ ಬಂದಂತೆ ಬಯ್ದೆ. ಅವನ ಹೆಣಕ್ಕೂ ನಾನು ಹೋಗುವುದಿಲ್ಲ ಎಂದೆ. ಅವನು ಕಿತ್ತುಕೊಂಡಿದ್ದು ನಿನ್ನ ಬೆಲೆಯನ್ನು, ನಿನ್ನ ಹಸುಗಳ ಮೇವನ್ನು ಎಂದೆ.

ಮ್ಯಾಲಕಿ ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದ.

“ಬಿಡು ಡಿಂಪ್ನಾ. ಆ ಎಂಟುನೂರರ ರೇಟು ಹುಟ್ಟಿದ್ದು ನಾವೆಲ್ಲ ನಿಂತದ್ದಕ್ಕೆ ತಾನೆ” ಎಂದ. “ಒಬ್ಬನಿಗಾದ್ರೂ ಸಿಕ್ತಲ್ಲ.”

ಅಷ್ಟು ಹೊತ್ತು ಫಿಂಟನ್ ಮೇಲಿದ್ದ ಸಿಟ್ಟು ಮ್ಯಾಲಕಿಯ ಮೇಲೆ ತಿರುಗಿತು. ಬಯ್ಯಲು ಬಾಯಿ ತೆರೆದೆ, ಅವನ ಮುಖ ನೋಡಿದೆ. ವ್ಯಂಗ್ಯಕ್ಕೆ ಅಂದದ್ದಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.