ಕತ್ತರಿಸಿ ಹೋದ ಐದನೇ ಪ್ಯಾರಾ

2023ರ ನವೆಂಬರ್‌ನಲ್ಲಿ ಬ್ರಿಟನ್, ವಂಶವಾಹಿ ತಿದ್ದುವ ಚಿಕಿತ್ಸೆಯೊಂದಕ್ಕೆ ಮೊದಲ ಬಾರಿ ಅನುಮತಿ ಕೊಟ್ಟಿತು. ಥಲಸ್ಸೇಮಿಯಾ ಇರುವ, ಹನ್ನೆರಡು ವರ್ಷ ತುಂಬಿದವರಿಗೂ ಅದು ಅನ್ವಯಿಸುತ್ತದೆ ಎಂದು ಬಳ್ಳಾರಿಯ ನಮ್ಮ ಪತ್ರಿಕೆಗೆ ನಾನೇ ಬರೆದೆ.

ಬರೆಯಲು ಸ್ವಂತ ಕಾರಣವೂ ಇತ್ತು. ತಂಗಿಯನ್ನು ಅವ್ವನ ಕೊನೆಯ ತಮ್ಮನಿಗೇ ಕೊಟ್ಟಿದ್ದೇವೆ. ಸೋದರಮಾವ ಕೇಳಿದರೆ ನಮ್ಮಲ್ಲಿ ಇಲ್ಲವೆನ್ನುವುದಿಲ್ಲ. ಅವರಿರುವುದು ತೆಕ್ಕಲಕೋಟೆಯಲ್ಲಿ. ಥಲಸ್ಸೇಮಿಯಾ ಇರುವ ಆರು ವರ್ಷದ ಮಗಳಿಗೆ ಮೂರು ವಾರಕ್ಕೊಮ್ಮೆ ಬಳ್ಳಾರಿಗೆ ಬಂದು ರಕ್ತ ಹಾಕಿಸುತ್ತಾರೆ. ತಂಗಿ ಈಗ ಮತ್ತೆ ಬಸುರಿ. ಈ ಮಗುವಿಗೂ ಕಾಯಿಲೆ ಇದೆಯೇ ಎಂದು ಹನ್ನೆರಡನೇ ವಾರದಲ್ಲಿ ಹೈದರಾಬಾದಿನಲ್ಲಿ ಪರೀಕ್ಷೆ ಮಾಡಿಸಲು ವೈದ್ಯರು ಹೇಳಿದ್ದರು.

ಹನ್ನೊಂದನೇ ವಾರದಲ್ಲಿ ಮಾವ ಫೋನ್ ಮಾಡಿದ. ನನ್ನ ಓರಗೆಯವನೇ.

"ಹೈದರಾಬಾದಿಗೆ ಬರಂಗಿಲ್ಲ ಅಂತಾಳಪ್ಪ ನಿನ್ನ ತಂಗಿ. ತಿದ್ದಾಕ ಬರ್ತೈತಿ ಅಂತ ಪೇಪರ್ನಾಗ ನೀನ ಬರ್ದೀಯಂತಲ್ಲ?"

ಪತ್ರಿಕೆ ತೆಗೆದು ನೋಡಿದೆ. ನಾಲ್ಕು ಪ್ಯಾರಾ ಇತ್ತು, ಐದನೆಯದು ಇರಲಿಲ್ಲ. ಭ್ರೂಣದ ವಂಶವಾಹಿ ತಿದ್ದುವುದನ್ನು ನಮ್ಮ ದೇಶದ ಮಾರ್ಗಸೂಚಿ ನಿಷೇಧಿಸಿದೆ, ಆದರೆ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ ಎಂದು ಅದರಲ್ಲಿ ಬರೆದಿದ್ದೆ. ಜಾಗ ಸಾಲದಾಗ ಪುಟ ಕಟ್ಟುವ ಡೆಸ್ಕಿನವರು ಕತ್ತರಿಸುವುದು ಕೆಳಗಿನಿಂದಲೇ. ಇಪ್ಪತ್ತು ವರ್ಷದಿಂದ ಇದು ಗೊತ್ತಿದ್ದೂ ಆ ಮಾತನ್ನು ಕೊನೆಗೆ ಇಟ್ಟವನು ನಾನು.

ಮರುದಿನ ಪಾರ್ವತಿನಗರದ ಮನೆಯಿಂದ ಹೊರಟು ತೆಕ್ಕಲಕೋಟೆಗೆಂದು ಸಿರುಗುಪ್ಪ ಬಸ್ಸು ಹತ್ತಿದೆ. ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತಿದ್ದೆ. ಕುರುಗೋಡು ಕಡೆಯ ಭತ್ತದ ಲಾರಿಗಳು ಅಡ್ಡ ಬಂದಾಗಲೆಲ್ಲ ಗಡಿಯಾರ ನೋಡಿದೆ.

ತಂಗಿ ಮಗಳ ರಕ್ತದ ಫೈಲಿನಿಂದ ಆ ಸುದ್ದಿಯ ತುಣುಕು ತೆಗೆದಳು. "ಇದು ನೀನ ಬರ್ದಿದ್ದಲ್ಲೇನಣ್ಣ?"

"ನಾನ. ಆದ್ರ ಹೊಟ್ಟಿಯಾಗಿನ ಕೂಸಿಗಲ್ಲವ್ವಾ ಅದು. ಅದಕ್ಕ ನಮ್ಮ ದೇಶದಾಗ ಬಿಡಂಗಿಲ್ಲ."

"ಯಾಕ ಬಿಡಂಗಿಲ್ಲ? ರಕ್ತ ಹಾಕ್ಸಾಕ ಅವ್ರು ಬರ್ತಾರೇನು?"

"ತಪ್ಪಾತಂದ್ರ ಕೂಸಿಗಷ್ಟ ಅಲ್ಲ, ಅದರ ಮಕ್ಕಳಿಗೂ ಹೋಗ್ತೈತಿ."

"ಈಗ ಹೋಗಿಲ್ಲೇನು? ಲಗ್ನ ಮಾಡುವಾಗ ಯಾರು ಓದಿದ್ರಿ ಮಾರ್ಗಸೂಚಿ?"

ಮಾವ ನಗಲು ನೋಡಿದ. "ನನ್ನ ಮಾರಿ ನೋಡೇ ಒಪ್ಪಿದ್ಯಲ್ಲಲೇ."

"ಮಾರಿ ನೋಡಿದ್ದೆ. ರಕ್ತ ನೋಡಿದ್ದಿಲ್ಲ."

ಐದನೇ ಪ್ಯಾರಾ ಹೇಗೆ ಹೋಯಿತೆಂದು ಹೇಳಿದೆ. ಅವಳು ತುಣುಕನ್ನು ಮಡಚಿ ಮತ್ತೆ ಫೈಲಿಗೇ ಸೇರಿಸಿದಳು. ಗಂಡನನ್ನು ಕೇಳಿದಳು: "ಹೈದರಾಬಾದ್ ಗಾಡಿ ಎಷ್ಟೊತ್ತಿಗೈತಿ?"

ಪತ್ರಿಕೆಯ ತಿದ್ದುಪಡಿ ಮೂರು ಸಾಲಿನಲ್ಲಿ, ಎರಡನೇ ಪುಟದಲ್ಲಿ ಬಂತು. ಹನ್ನೆರಡನೇ ವಾರದ ಗುರುವಾರ ತಂಗಿ ಹೈದರಾಬಾದಿನಲ್ಲಿ ಪರೀಕ್ಷೆಗೆ ಮಾದರಿ ಕೊಟ್ಟಳು. ಇಂದಿಗೆ ಹನ್ನೊಂದು ದಿನ. ವರದಿ ಬಂದಿಲ್ಲ.