ಆರದ ಕಡ್ಡಿ

ಕೇಳಿ ಅತ್ತೆ, ಮಾವನನ್ನು ಶಸ್ತ್ರಕ್ರಿಯೆಗೆ ತಳ್ಳಿದ್ದು ನನ್ನ ಸುಳ್ಳು. ಡಾಕ್ಟರಲ್ಲ, ನೀವು ಇಷ್ಟು ವರ್ಷ ಹೇಳುತ್ತ ಬಂದ ಆ ಬೆಂಕಿಕಡ್ಡಿಯ ದೋಷವೂ ಅಲ್ಲ — ನಾನು.

ಕ್ಯಾನ್ಸರ್ ಒಂದೇ ಶ್ವಾಸಕೋಶದಲ್ಲಿತ್ತು. ಅದನ್ನು ತೆಗೆದರೆ ಗುಣವಾಗಬಹುದು, ಆದರೆ ಇನ್ನೊಂದರಲ್ಲಿ ಬದುಕುವಷ್ಟು ಉಸಿರು ಇರಬೇಕು ಎಂದಿದ್ದರು. ಆ ಪರೀಕ್ಷೆಗೆಂದು ನಾರಾವಿಯಿಂದ ಮಂಗಳೂರಿಗೆ ಮಾವನನ್ನು ಕರೆದೊಯ್ದವನು ನಾನು. ಮೂಡುಬಿದಿರೆಯ ಚರ್ಚಾಕೂಟಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದವನು.

ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವಾಗ ರಸ್ತೆ ದಾಟಿದಷ್ಟಕ್ಕೇ ಮಾವ ಅಂಗಡಿಯ ಜಗಲಿಯಲ್ಲಿ ಕುಸಿದು ಕುಳಿತರು. “ನೀನು ಹೋಗಿ ಕಂಡಕ್ಟರನ ಹತ್ತಿರ ವಾದ ಮಾಡ್ತಾ ಇರು ಮಾರಾಯ, ಅಷ್ಟರಲ್ಲಿ ನಾನು ಬರ್ತೇನೆ” ಎಂದು ನಕ್ಕರು. ಆ ನಗುವೂ ಉಸಿರು ಸಾಲದೆ ಅರ್ಧಕ್ಕೆ ನಿಂತಿತು.

ಆಸ್ಪತ್ರೆಯಲ್ಲಿ ಉಸಿರಿನ ಬಲ ನೋಡಲು ಡಾಕ್ಟರು ಬೆಂಕಿಕಡ್ಡಿ ಗೀರಿ ಮಾವನ ಮುಖದ ಮುಂದೆ ಹಿಡಿದರು. ತುಟಿ ಕೂಡಿಸದೆ, ಬಾಯಿ ತೆರೆದೇ ಊದಿ ಆರಿಸಬೇಕು. ಮಾವ ಊದಿದರು — ಕುತ್ತಿಗೆಯ ನರಗಳು ಉಬ್ಬಿದವು. ಜ್ವಾಲೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗೆ ನಿಂತಿತು.

“ಈ ಉಸಿರಿಗೆ ಆಪರೇಷನ್ ಆಗಲಿಕ್ಕಿಲ್ಲ” ಎಂದರು ಡಾಕ್ಟರು.

ನಾನು ಎದ್ದು ನಿಂತೆ. ವೇದಿಕೆಯಲ್ಲಿ ನಿಲ್ಲುವಂತೆಯೇ. “ಅವರು ಸರಿಯಾಗಿ ಊದಲೇ ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಬೆಂಕಿಯನ್ನು ಬಾಯಿಯಿಂದ ಆರಿಸುವ ಕ್ರಮ ಇಲ್ಲ, ಎಂಜಲಾಗ್ತದೆ. ಬೀಡಿ ಹಚ್ಚಿದ ಕಡ್ಡಿಯನ್ನೂ ಇವರು ಕೈ ಬೀಸಿಯೇ ಆರಿಸುವುದು.”

ಅಷ್ಟೂ ನಿಜ, ಅತ್ತೆ. ಬೆಂಕಿಗೆಂಥ ಎಂಜಲು ಎಂದು ನಿಮ್ಮೆದುರೇ ದೀಪ ಊದಿ ಕೆಣಕಿದ್ದವನು ನಾನೇ. ನಾನು ನಂಬದ ಕ್ರಮವನ್ನೇ ಸಾಕ್ಷಿಗೆ ಕರೆದೆ — ಮಾವ ಶಕ್ತಿಯೆಲ್ಲ ಹಾಕಿ ಊದಿದ್ದನ್ನು ಕಣ್ಣಾರೆ ಕಂಡ ಮೇಲೂ.

ಡಾಕ್ಟರು ಯೋಚಿಸಿದರು. ನನ್ನನ್ನೇ ಕೇಳಿದರು: “ನಡೆದರೆ ಏದುಸಿರು ಬರ್ತದಾ?”

“ಇಲ್ಲ.”

ಮಾವ ನನ್ನತ್ತ ನೋಡಿದರು. “ಅವನು ಹೇಳಿದ ಮೇಲೆ ಆಯ್ತು” ಎಂದರು. ಅದು ತಮಾಷೆಯೋ, ಆಸೆಯೋ —

ಅವರು ಬದುಕಲಿ ಎಂದೇ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ವಾದಿಸಿಕೊಂಡೆ. ಆದರೆ ಡಾಕ್ಟರು ತಲೆದೂಗಿದಾಗ ನನ್ನ ಎದೆಯಲ್ಲಿ ಎದ್ದದ್ದು ಗೆದ್ದ ಖುಷಿ. ಆ ಖುಷಿ ನನಗೆ ಚೆನ್ನಾಗಿ ಪರಿಚಯ.

ಆಪರೇಷನ್ ಆಯಿತು, ಗಡ್ಡೆ ಹೋಯಿತು. ಉಸಿರು ಮರಳಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಒರಗಿ ಕುಳಿತೇ, ಗಾಳಿಗಾಗಿ ಬಾಯಿ ತೆರೆದೇ ಮಾವ ಹೋದರು.

“ಬೆಂಕಿಗೆ ಬಾಯಿ ಹಾಕಿಸಿದರು, ಮನೆಯ ದೀಪವೇ ಹೋಯಿತು” ಎಂದು ನೀವು ಅತ್ತಿರಿ. ಅದು ಮೂಢನಂಬಿಕೆ ಎಂದು ಆ ಸೂತಕದ ಮನೆಯಲ್ಲೂ ನಾನು ವಾದಿಸಿದೆ. ನಿಜವಾದ ಕಾರಣ ಗೊತ್ತಿದ್ದವನು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ.

ಇದನ್ನು ಬರೆದು ಕಳುಹಿಸಿ ತಪ್ಪಿಸಿಕೊಳ್ಳುವುದಿಲ್ಲ. ನಾಳೆ ನಾರಾವಿಗೆ ಬರುತ್ತೇನೆ. ನಿಮ್ಮೆದುರು ಕುಳಿತು ಹೇಳುತ್ತೇನೆ: ಮಾವನಿಗೆ ಏದುಸಿರು ಇತ್ತು, ಅತ್ತೆ. ನನಗೆ ಗೊತ್ತಿತ್ತು. ಆಮೇಲೆ ನೀವು ಏನು ಹೇಳಿದರೂ — ಎದುರು ಮಾತಾಡುವುದಿಲ್ಲ.