ಗ್ಲಾಸ್ ರಬ್ಬರ್ ಮಹದೇವಪ್ಪ

ಮಹದೇವಪ್ಪನವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಸದಾ ಉದ್ದಕ್ಕೆ ಬೆಳೆದಿರುತ್ತಿತ್ತು. ಹಳೆಯ ಕಾರು ಕಂಡರೆ ಬಾನೆಟ್ ಎತ್ತುವ ಮೊದಲು ಆ ಉಗುರನ್ನು ಗಾಜಿನ ಸುತ್ತಲಿನ ರಬ್ಬರಿಗೆ ಒತ್ತಿ ನೋಡುತ್ತಿದ್ದರು. ಉಗುರು ಇಳಿದರೆ "ವಸಿ ಜೀವ ಅದೆ" ಎನ್ನುವರು. ಇಳಿಯದಿದ್ದರೆ, "ಕಲ್ಲಾಗೋಗದೆ ಕಣ್ರಿ ಮೇಷ್ಟ್ರೆ. ಇದ್ರ ಆಸೆ ಬುಡಿ, ಗಾಜು ಉಳುಸ್ಕಳಣ."

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಅವರ ತಗಡಿನ ಶೆಡ್ಡು. ಅವರ ಊರು ಹದಿನಾರು ಎಂಬ ಹಳ್ಳಿ, ಬೇಸಾಯದ ಮನೆತನ. ತೊಂಬತ್ತರ ದಶಕದ ಕೊನೆಯಲ್ಲಿ, ತೀರಿಕೊಂಡಿದ್ದ ನಮ್ಮ ಅಪ್ಪಾಜಿಯ ಕಪ್ಪು ಕಾರನ್ನು ಸರಿಮಾಡಿಸಲು ಅವರನ್ನು ಮನೆಗೇ ಕರೆತಂದೆ. ಅಮ್ಮನ ಷರತ್ತು ಒಂದೇ: "ಬಣ್ಣ ಯಾವ್ದಾದ್ರೂ ಬಳುಸ್ಕೊ. ಮುಂದಿನ ಗಾಜು ಮಾತ್ರ ಅದೇ ಇರ್ಬೇಕು." ಅಪ್ಪಾಜಿ ದಿನಾ ಬೆಳಿಗ್ಗೆ ಆ ಗಾಜಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕೈಮುಗಿದೇ ಕಾರು ಹತ್ತುತ್ತಿದ್ದರು.

ಬಣ್ಣ ಬಳಿಯುವ ಮೊದಲು ಗಾಜು ಬಿಚ್ಚಬೇಕಿತ್ತು. ಮಹದೇವಪ್ಪನವರ ಕೆಲಸ ನೋಡಲು ತಾಳ್ಮೆ ಬೇಕು, ಅದು ನನಗಿರಲಿಲ್ಲ. ಬಿಸಿನೀರಿನ ಬಟ್ಟೆ ಒತ್ತುವರು, ಹರಳೆಣ್ಣೆ ಸವರುವರು, ಬ್ಲೇಡಿನಿಂದ ರಬ್ಬರಿನ ಹೊರ ಅಂಚನ್ನು ಸೀಳಿ, ಬಿದಿರಿನ ಚಕ್ಕೆಯಿಂದ ಚೂರುಚೂರೇ ಎಬ್ಬಿಸುವರು. ಸ್ಕ್ರೂಡ್ರೈವರ್ ಗಾಜಿನ ಹತ್ತಿರ ಸುಳಿಯುವಂತಿರಲಿಲ್ಲ. ಎರಡು ದಿನದಲ್ಲಿ ಬಿಟ್ಟುಕೊಂಡದ್ದು ಒಂದೇ ಬದಿ. ಸೋಮವಾರವಂತೂ ಕೆಲಸವೇ ಇಲ್ಲ! ಅವರ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ; ಇವರು ಕಾರಿಗೂ ಆಯುಧ ಮುಟ್ಟಿಸುತ್ತಿರಲಿಲ್ಲ. ಬಂದು ರಬ್ಬರಿಗೆ ಎಣ್ಣೆ ಕುಡಿಸಿ, "ಇವತ್ತು ಇದೂ ವಸಿ ಸುದಾರುಸ್ಕಳ್ಳಿ" ಎಂದು ಹೊರಟುಹೋದರು.

ಅವತ್ತು ನಾನು ಪಾಠ ಮಾಡುವ ಸ್ಕೂಲಿಗೂ ರಜಾ ಇತ್ತು. ಅಮ್ಮ ಟಿ. ನರಸೀಪುರದ ತವರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು ಸ್ಕ್ರೂಡ್ರೈವರ್ ಹಿಡಿದೆ. ಒಂದು ಗೇಣು ಸಲೀಸಾಗಿ ಬಂತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಆಮೇಲೆ ಟಕ್ ಎಂದಿತು. ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು.

ಮಂಗಳವಾರ ಬೆಳಿಗ್ಗೆ ಮಹದೇವಪ್ಪ ಗಾಜು ನೋಡಿದರು, ನನ್ನ ಮುಖ ನೋಡಿದರು. ಬೈಯಲಿಲ್ಲ. ಅಷ್ಟರಲ್ಲಿ ಅಮ್ಮ ಬಸ್ಸಿಳಿದು ಬಂದರು. ನಾನು ಬಾಯಿ ತೆರೆಯುವ ಮೊದಲೇ, "ನನ್ ಕೈಲೇ ಒಡ್ದೋಯ್ತು ಅಮ್ಮಾರೆ" ಎಂದುಬಿಟ್ಟರು. ಇಷ್ಟು ವರ್ಷದಲ್ಲಿ ಒಂದು ಗಾಜೂ ಒಡೆದಿಲ್ಲವೆಂದು ಬೀಗುತ್ತಿದ್ದ ಮನುಷ್ಯ! ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋದರು. ನನಗೆ ನಾಚಿಕೆಯಾಯಿತು, ಸುಳ್ಳೇಕೆ, ನಿರಾಳವೂ ಆಯಿತು.

"ಯಾಕೆ ಹಾಗಂದ್ರಿ?" ಎಂದು ಪಿಸುಗುಟ್ಟಿದೆ.

"ನನ್ನ ಬೈದ್ರೆ ನಾ ಮನೆಗೋಯ್ತೀನಿ. ನೀವು ಅವ್ರ ಮುಂದೇ ಕುಂತ್ಕಂಡು ಉಣ್ಬೇಕಲ್ಲ ಮೇಷ್ಟ್ರೆ. ವಸಿ ದಿನ ಕಳೀಲಿ, ನೀವೇ ನಿಜ ಏಳೀರಂತೆ."

ಎಲ್ಲೆಲ್ಲೋ ಹುಡುಕಿ ಅದೇ ಅಳತೆಯ ಗಾಜು ತಂದು ಕೂರಿಸಿದರು. ಆಮೇಲೂ ಆಗಾಗ ಕಾರು ನೋಡಿಹೋಗಲು ಬರುತ್ತಿದ್ದರು. ಅಮ್ಮ ಕಾಫಿ ಕೊಡುತ್ತಾ, "ನೋಡ್ಕಂಡ್ ಮಾಡ್ಬಾರ್ದಾಗಿತ್ತಾ ಮಾದೇವಪ್ಪ" ಎನ್ನುವರು. ಅವರು ಪ್ರತಿ ಸಲವೂ "ತೆಪ್ಪಾಯ್ತು ಅಮ್ಮಾರೆ" ಎಂದು ತಲೆ ತಗ್ಗಿಸುವರು. ನಾನು ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಏಳು ವರ್ಷ ಕಳೆದೆ.

ಮಹದೇವಪ್ಪನವರು ತೀರಿಹೋದ ಸುದ್ದಿ ಬಂದ ದಿನ ಅಮ್ಮ ಮರುಗಿದರು. "ಪಾಪ, ಒಳ್ಳೆ ಮನುಷ್ಯ. ಆ ಗಾಜೊಂದು ಒಡೀದೇ ಇದ್ದಿದ್ರೆ..."

"ಅದನ್ನ ಒಡೆದದ್ದು ನಾನು, ಅಮ್ಮ."

"ಬಂದಾಗೆಲ್ಲಾ ಆ ಮನುಷ್ಯನ್ನ ನಾನು ಅಂತಿದ್ನಲ್ಲೋ" ಎಂದರು ಅಮ್ಮ. "ನೀನೂ ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ದೆ."